ರಫ್ ಗೋಡೆಯ ಮನೆ

ನನ್ನನ್ನು ರಫ್ ಅಂತ ಕರೆದವರನ್ನೆಲ್ಲ ಒಮ್ಮೆ ಕರೆದುಕೊಂಡು ಹೋಗಿ ಪೀಣ್ಯದ ನಮ್ಮ ಬಾಡಿಗೆ ಮನೆಯ ಗೋಡೆ ತೋರಿಸಬೇಕಿತ್ತು. ರಫ್ ಅಂದರೆ ಅದು. ಓನರ್ ಕಟ್ಟಿಸುವಾಗ ಸಿಮೆಂಟು ಮರಳು ಕಲಸಿ ಒಂದು ಕೈ ಬಳಿಸಿ, ಇದು ರಫ್ ಪ್ಲಾಸ್ಟರ್, ಫಿನಿಶಿಂಗ್ ಆಮೇಲೆ ಮಾಡಿಸ್ತೀವಿ ಅಂದಿದ್ದರಂತೆ. ಆ ಆಮೇಲೆ ನಾವು ಇದ್ದಷ್ಟು ವರ್ಷವೂ ಬರಲೇ ಇಲ್ಲ. ನಿದ್ದೆಗಣ್ಣಲ್ಲಿ ಮಗ್ಗುಲು ಬದಲಿಸಿದರೆ ಮೊಣಕೈ ತರಚುತ್ತಿತ್ತು. ಅವ್ವ ಹಾಸಿಗೆಯ ಉದ್ದಕ್ಕೂ ಗೋಡೆಗೆ ಹಳೇ ಸೀರೆ ಕಟ್ಟಿದ್ದಳು, ಅದೂ ತಿಂಗಳೊಪ್ಪತ್ತಿನಲ್ಲಿ ಹರಿದು ಜಾಳಾಗುತ್ತಿತ್ತು. ನನ್ನ ಬಲ ಮೊಣಕೈ ಮೇಲೆ ಈಗಲೂ ಒಂದು ಕಪ್ಪು ಕಲೆ ಇದೆ. ಯಾರಾದರೂ ಕೇಳಿದರೆ, ನಮ್ಮ ಮನೆಯದು ಅನ್ನುತ್ತೇನೆ. ಕ್ರೀಮು ಹಚ್ಚಿ ಅಂತ ಉಪದೇಶ ಮಾಡಿದವರಿದ್ದಾರೆ. ಯಾಕೆ ಹಚ್ಚಲಿ?

ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಸಿಮೆಂಟ್ ಶೀಟು. ಅಂಥ ಆರು ಮನೆಗಳು ಸಾಲಾಗಿ, ಮಹಡಿಯಲ್ಲಿ ಓನರ್ ಮನೆ. ಅಪ್ಪ ಕೊಪ್ಪಳದ ಕಡೆಯ ಹಳ್ಳಿಯಿಂದ ಬಂದು, ಮೊದಲು ಶೆಡ್ ಗುಡಿಸಿ, ಆಮೇಲೆ ಲೇತ್ ಮೆಷಿನ್ ಹಿಡಿದು ಟರ್ನರ್ ಆದವನು. ಅವ್ವ ಮನೆಯಲ್ಲೇ ಕೂತು ರಬ್ಬರ್ ಕೆಲಸ ಮಾಡುತ್ತಿದ್ದಳು. ಹಿಂದಿನ ರಸ್ತೆಯ ರಬ್ಬರ್ ಶೆಡ್‌ನಿಂದ ಗೋಣಿಚೀಲದಲ್ಲಿ ವಾಷರ್‌ಗಳು ಬರುತ್ತಿದ್ದವು. ಅಚ್ಚಿನಿಂದ ತೆಗೆದ ರಬ್ಬರಿನ ಅಂಚಿಗೆ ತೆಳ್ಳನೆಯ ಒಂದು ಪೊರೆ ಅಂಟಿಕೊಂಡಿರುತ್ತದೆ. ಅವ್ವ ಅದಕ್ಕೆ ಸಿಪ್ಪೆ ಅನ್ನುತ್ತಿದ್ದಳು. ಸಣ್ಣ ಕತ್ತರಿಯಲ್ಲಿ ಸಿಪ್ಪೆ ಕತ್ತರಿಸಿ ಅಂಚನ್ನು ನುಣುಪು ಮಾಡಿ ವಾಪಸ್ ಕೊಡಬೇಕು. ನಮ್ಮ ಮನೆಯಲ್ಲಿ ಬೇಳೆ ಆರಿಸಿದ್ದಕ್ಕಿಂತ ವಾಷರ್ ಆರಿಸಿದ್ದೇ ಹೆಚ್ಚು. ಊಟಕ್ಕೆ ಕೂತರೆ ತಟ್ಟೆಯ ಕೆಳಗೆ ರಬ್ಬರ್ ಚೂರು, ನನ್ನ ಜಡೆಯಲ್ಲಿ ರಬ್ಬರ್ ಚೂರು. ಒಮ್ಮೆ ಪುಂಡಿಪಲ್ಯದಲ್ಲಿ ಸಿಕ್ಕಾಗ ಅಪ್ಪ ಅದನ್ನು ಬೆರಳಲ್ಲಿ ಹಿಡಿದು, ಇದನ್ನ ಎಷ್ಟು ಕುದಿಸಿದ್ರೂ ಬೇಯಂಗಿಲ್ಲ ಬಿಡು ಅಂದಿದ್ದ.

ರಫ್ ಅನ್ನುವುದು ನಮ್ಮ ಮನೆಗೆ ಎಲ್ಲ ಬಾಗಿಲಿನಿಂದಲೂ ಬಂದ ಮಾತು. ಅಪ್ಪನ ಬಾಯಲ್ಲಿ ಅದು ಕೆಲಸದ ಹೆಸರು. ಕಬ್ಬಿಣವನ್ನು ಮೊದಲು ರಫ್ ಹೊಡೆಯಬೇಕು, ಅಳತೆಗಿಂತ ಅರ್ಧ ಎಂಎಂ ಉಳಿಸಬೇಕು, ಆಮೇಲೆ ಫಿನಿಶ್. ಆ ಅರ್ಧ ಎಂಎಂ ಬಗ್ಗೆ ಅಪ್ಪನಿಗೆ ದೇವರಷ್ಟೇ ಭಕ್ತಿ. ತೆಗೆದದ್ದು ಮತ್ತ ಹಚ್ಚಾಕ ಬರಂಗಿಲ್ಲ ಅನ್ನುತ್ತಿದ್ದ. ಶಾಲೆಯಲ್ಲಿ ರಫ್ ಬುಕ್ ಇತ್ತು, ಅದರಲ್ಲಿ ಹೇಗೆ ಬರೆದರೂ ಯಾರೂ ಬೈಯುತ್ತಿರಲಿಲ್ಲ, ಹಾಗಾಗಿ ನನ್ನ ಅತ್ಯಂತ ಚೆಂದದ ಅಕ್ಷರಗಳೆಲ್ಲ ಅದರಲ್ಲೇ ಇದ್ದವು. ಅಂಗಡಿಯವನು ಯೂನಿಫಾರಂ ಬಟ್ಟೆಯನ್ನು ಜಗ್ಗಿ ತೋರಿಸಿ, ಎಷ್ಟು ರಫ್ ಆಗಿ ಯೂಸ್ ಮಾಡಿದ್ರೂ ಏನೂ ಆಗಲ್ಲ ತಗೊಳ್ಳಕ್ಕ ಅನ್ನುತ್ತಿದ್ದ. ಚಪ್ಪಲಿಯವನೂ ಅದನ್ನೇ ಅನ್ನುತ್ತಿದ್ದ. ಬಟ್ಟೆಗೆ, ಚಪ್ಪಲಿಗೆ ಹೇಳಿದರೆ ಹೊಗಳಿಕೆ, ಹುಡುಗಿಗೆ ಹೇಳಿದರೆ ಬೈಗುಳ. ಈ ನ್ಯಾಯ ಯಾವ ಊರಿನದೋ ನನಗೆ ಇವತ್ತಿಗೂ ತಿಳಿದಿಲ್ಲ.

ಅವ್ವನಿಗೆ ಆ ಮಾತು ಮಹಡಿಯಿಂದ ಇಳಿದು ಬಂದಿತ್ತು. ಅವಳು ಬೆಳಿಗ್ಗೆ ಐದೂವರೆಗೆ ಎದ್ದು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮಣೆ ಮೇಲೆ ಅಂಗೈ ಬೀಳುವ ಆ ಸದ್ದು ನನಗೆ ಗಡಿಯಾರ, ಮೇಲಿನವರಿಗೆ ಉಪದ್ರವ. ಓನರ್ ಆಂಟಿ ಒಂದು ದಿನ ಮೆಟ್ಟಿಲಲ್ಲೇ ನಿಂತು ಹೇಳಿದರು:

"ಅಲ್ಲ ಕಣ್ರೀ, ನಿಮ್ ಕಡೆಯೋರದು ಮಾತೂ ರಫ್, ಅಡುಗೇನೂ ರಫ್. ಸ್ವಲ್ಪ ಮೆತ್ತಗೆ ತಟ್ಟಬಾರ್ದಾ?"

ಅವ್ವ ಕೈಗೆ ಮೆತ್ತಿದ ಹಿಟ್ಟು ಉಜ್ಜುತ್ತಾ ಹೊರಗೆ ಬಂದಳು.

"ಮೆತ್ತಗ ಬಡದ್ರ ರೊಟ್ಟಿ ಆಗೂದಿಲ್ರೀ ಅಕ್ಕಾರ. ಒಂದು ತಗೊಂಡು ತಿಂದು ನೋಡ್ರಿ, ಆಮ್ಯಾಲ ಹೇಳ್ರಿ."

ಆಂಟಿ ತಿನ್ನಲಿಲ್ಲ. ಅವ್ವ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. ಬಾಯಿ ಇದ್ದವರು ಬರಗಾಲದಾಗೂ ಬದುಕ್ತಾರ ಅನ್ನುವುದು ಅವ್ವನ ಗಾದೆ, ಬಾಯಿಯೊಂದನ್ನೇ ಅವಳು ತವರಿನಿಂದ ಇಡಿಯಾಗಿ ತಂದದ್ದು.

ಆಂಟಿಯ ಮಗ ಚೇತನ್ ನನ್ನದೇ ಕ್ಲಾಸು. ಆರನೇ ಇಯತ್ತೆ, ಇಂಗ್ಲಿಷ್ ಮೀಡಿಯಂ. ಒಂದು ದಿನ ಊಟದ ಬಿಡುವಿನಲ್ಲಿ, ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಾಗ, ನನ್ನ ಡಬ್ಬಿಯ ರೊಟ್ಟಿ ನೋಡಿ ಅವನು ಇಡೀ ಬೆಂಚಿಗೆ ಕೇಳುವ ಹಾಗೆ ಹೇಳಿದ:

"ಗೊತ್ತಾ, ಇವ್ರಮ್ಮ ಹುಚ್ಚಿ. ಬೆಳಿಗ್ಗೆ ಎದ್ದು ಗೋಡೆಗೆ ಬಡ್ಕೊಳ್ತಾಳೆ."

ನಾನು ತಳ್ಳಿದೆ. ಸುಮ್ಮನೆ ಅಲ್ಲ, ಎರಡೂ ಕೈಯಿಂದ. ಅವನು ಕಾರಿಡಾರಿನ ಮೆಟ್ಟಿಲ ಮೇಲೆ ಬಿದ್ದು ಮಂಡಿ ಕೆತ್ತಿಕೊಂಡ. ಅವತ್ತು ಸಂಜೆ ನನ್ನ ಡೈರಿಯಲ್ಲಿ ಕೆಂಪು ಶಾಯಿಯ ಇಂಗ್ಲಿಷಿನಲ್ಲಿ ಬಂತು: ನಿಮ್ಮ ಮಗಳು ತುಂಬಾ ರಫ್, ಬುಧವಾರ ಬಂದು ಹೆಡ್‌ಮಿಸ್ಸನ್ನು ಕಾಣಿ. ಹೆಡ್‌ಮಿಸ್ ಒಂದು ಪತ್ರ ರೆಡಿ ಮಾಡಿರ್ತಾರೆ, ತಂದೆ ಅಥವಾ ತಾಯಿ ಸಹಿ ಮಾಡದಿದ್ದರೆ ಟಿಸಿ ಅಂತ ಕ್ಲಾಸ್ ಮಿಸ್ ಬಾಯಲ್ಲೂ ಹೇಳಿದರು.

ಟಿಸಿ ಅಂದರೆ ನನಗೆ ಊರು. ಪೀಣ್ಯದಲ್ಲಿ ಓದು ಹತ್ತದಿದ್ದರೆ ಅಜ್ಜಿಯ ಹತ್ತಿರ ಬಿಡುವುದು ಅಂತ ಮನೆಯಲ್ಲಿ ಮೊದಲೇ ಮಾತಾಗಿತ್ತು. ಅಜ್ಜಿಯ ಮೇಲೆ ನನಗೆ ಪ್ರೀತಿಯೇ. ಆದರೆ ಈ ಕೋಣೆ, ಈ ಗೋಡೆ, ಅವ್ವನ ಪಕ್ಕದ ಹಾಸಿಗೆ ಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ. ಅಪ್ಪ ಡೈರಿ ಹಿಡಿದು ಕೆಂಪು ಸಾಲಿನಲ್ಲಿ ತನಗೆ ಗೊತ್ತಿದ್ದ ಒಂದೇ ಮಾತನ್ನು ಪತ್ತೆ ಹಚ್ಚಿ ಖುಷಿಪಟ್ಟ.

"ರಫ್ ಅಂತ ಬರದಾರ. ಕೆಟ್ಟದ್ದೇನಲ್ಲ ಬಿಡು. ಫಿನಿಶಿಂಗ್ ಬಾಕಿ ಐತಿ ಅಂತ ಅಷ್ಟ."

"ಅಪ್ಪಾ, ನಾ ಏನ ನಿನ್ನ ಲೇತಿನ ಮ್ಯಾಲಿನ ಕಬ್ಬಿಣ ಅಲ್ಲ."

ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆದರೆ ರಾತ್ರಿ ಊಟಕ್ಕೆ ಕೂತಾಗ ಇಬ್ಬರಿಗೂ ಜಗಳ ಹತ್ತಿತು. ಸಹಿ ತಾನೇ, ಮಾಡಿ ಬಂದರ ಕೈ ಏನ ಸವೀತೈತೇನು ಅಂತ ಅಪ್ಪ. ಏನ ಬರದಾರ ಅಂತ ತಿಳೀದ ಹಾಳಿಗೆ ಸಹಿ ಮಾಡೂದಿಲ್ಲ ಅಂತ ಅವ್ವ. ಅಪ್ಪನಿಗೆ ರಜೆ ಸಿಗುವ ಹಾಗಿರಲಿಲ್ಲ, ಹೋಗಬೇಕಾದವಳು ಅವ್ವನೇ. ಚೇತನ್ ಅಣಕಿಸಿದ, ಅದಕ್ಕೆ ತಳ್ಳಿದೆ ಅಂತ ಮಾತ್ರ ನಾನು ಹೇಳಿದ್ದೆ. ಹುಚ್ಚಿ ಅನ್ನುವ ಮಾತನ್ನು ಅವ್ವನ ಮುಂದೆ ಆಡಲು ನನಗೆ ನಾಲಿಗೆ ಹೊರಳಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವ್ವ ಆ ಆಫೀಸಿಗೆ ಹೋಗಿ ಬಾಯಿ ತೆಗೆದರೆ ನನ್ನ ಕಥೆ ಮುಗಿಯಿತು ಅಂತ ನನಗೆ ಗಟ್ಟಿಯಾಯಿತು. ಹೆಡ್‌ಮಿಸ್ ಜಾಲಹಳ್ಳಿಯ ಆಫೀಸರುಗಳ ಕ್ವಾರ್ಟರ್ಸಿನವರು, ಪಿಸುಮಾತಿನಲ್ಲಿ ಬೈಯುವವರು. ಅವರ ಎದುರು ನಮ್ಮವ್ವ ಹೌದಲ್ಲೇನ್ರೀ ಅಂತ ಶುರು ಮಾಡಿದರೆ? ಹಾಗಾಗಿ ಅವ್ವನನ್ನು ಕೂರಿಸಿಕೊಂಡು ಮೂರು ಮಾತು ಕಲಿಸಿದೆ. ನಮಸ್ಕಾರ ಮೇಡಂ. ಆಯ್ತು ಮೇಡಂ. ಸಾರಿ ಮೇಡಂ. ಇಷ್ಟು ಬಿಟ್ಟು ಬೇರೆ ಏನೂ ಆಡಬಾರದು. ಇಳಕಲ್ ಸೀರೆ ಬೇಡ, ಹೂವಿನ ಪಾಲಿಯೆಸ್ಟರ್ ಸೀರೆ ಉಡಬೇಕು. ಬೆಳಿಗ್ಗೆ ಪೂಜೆ ಆದ ಮೇಲೆ ಅವ್ವ ನಮ್ಮ ಮೂವರ ಹಣೆಗೂ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ನಾನು ದಿನಾ ರಸ್ತೆ ತಿರುವಿನಲ್ಲಿ ನನ್ನದನ್ನು ಒರೆಸಿಕೊಂಡೇ ಶಾಲೆಗೆ ಹೋಗುತ್ತಿದ್ದದ್ದು. ಬುಧವಾರ ನೀನೂ ಹಚ್ಚಬ್ಯಾಡ ಅಂದೆ. ಅವ್ವ ನನ್ನ ಹಣೆ ನೋಡಿ ಅಂದಳು:

"ನಿನ್ನ ಸಾಲಿ ಉಳೀತೈತಿ ಅಂದ್ರ ಆತು ಬಿಡವ್ವ."

ಮರುದಿನದಿಂದ ಅವಳು ರೊಟ್ಟಿ ಬಡಿಯುವುದನ್ನೂ ಬಿಟ್ಟು ಚಪಾತಿ ಲಟ್ಟಿಸಿದಳು. ಅದನ್ನು ನಾನು ಕೇಳಿರಲಿಲ್ಲ. ಬೆಳಿಗ್ಗೆ ಸದ್ದಿಲ್ಲದ ಮನೆಯಲ್ಲಿ ನನಗೆ ಎಚ್ಚರವೇ ಆಗಲಿಲ್ಲ, ಎರಡು ದಿನ ಶಾಲೆಗೆ ತಡವಾಗಿ ಹೋದೆ.

ಮಂಗಳವಾರ ಸಂಜೆ ಅವ್ವ ಗಿರಣಿಗೆ ಹೋಗಿದ್ದಳು. ಆ ದಿನ ಶೆಡ್‌ನಿಂದ ಬಂದದ್ದು ಹೊಸ ನಮೂನೆ, ನೀರಿನ ಪಂಪಿಗೆ ಹಾಕುವ ಸೀಲು. ಹೊರಗಿನ ಅಂಚಿಗೆ ಎಂದಿನಂತೆ ಸಿಪ್ಪೆ, ಒಳಗಿನ ಅಂಚಿನಲ್ಲೂ ಸುತ್ತ ಒಂದು ತೆಳುವಾದ ಎಳೆ ಎದ್ದು ನಿಂತಿತ್ತು. ಅವ್ವನ ಮನಸ್ಸು ಗೆಲ್ಲಬೇಕು ಅಂತ ನಾನು ಕತ್ತರಿ ಹಿಡಿದೆ. ಹೊರಗಿನದು ಕತ್ತರಿಸಿದೆ, ಒಳಗಿನದನ್ನೂ ಕತ್ತರಿಸಿದೆ. ಬೆರಳು ಆಡಿಸಿದರೆ ಎಲ್ಲೂ ತಡೆಯದಷ್ಟು ನೈಸ್. ಅರ್ಧ ಚೀಲ ಮುಗಿಸಿದ್ದೆ, ಅವ್ವ ಹಿಟ್ಟಿನ ಡಬ್ಬ ಇಳಿಸಿ ಬಂದು ಒಂದು ಸೀಲು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಇದರ ತುಟಿ ಎಲ್ಲಿ?"

"ಅದು ರಫ್ ಇತ್ತವ್ವ. ನೈಸ್ ಮಾಡೀನಿ."

"ಹುಚ್ಚವ್ವ, ಅದು ಸಿಪ್ಪೆ ಅಲ್ಲ. ಊರಾಗ ಪಂಪ್ ಬಿಚ್ಚಿದಾಗ ನೋಡೀನಿ, ಆ ತುಟಿ ಇದ್ರನ ನೀರು ನಿಲ್ಲೂದು. ಈಗ ನೈಸ್ ಆತು, ಖರೆ. ಎಲ್ಲಾ ಸೋರಿ ಹೋಗ್ತೈತಿ."

ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು. ಕೆಟ್ಟದ್ದನ್ನೆಲ್ಲ ಬೇರೆ ಚೀಲಕ್ಕೆ ತುಂಬಿಕೊಂಡು ನನ್ನನ್ನೂ ಕರೆದುಕೊಂಡು ಆಗಲೇ ಶೆಡ್‌ಗೆ ಹೊರಟಳು. ಸೂಪರ್‌ವೈಸರ್ ಒಬ್ಬ ದಪ್ಪ ಮೀಸೆಯ ಮನುಷ್ಯ, ಚೀಲ ನೋಡಿದ ಕೂಡಲೇ ಕಿರುಚಿದ, ಇನ್ನು ನಿಮಗೆ ಮಾಲು ಕೊಡಲ್ಲ ಅಂದ. ಅವ್ವ ಚೀಲವನ್ನು ಅವನ ಮೇಜಿನ ಮೇಲೇ ಇಟ್ಟಳು.

"ನನ್ನ ಮನಿಯಾಗ ಆದ ತಪ್ಪು, ಅದಕ್ಕ ನಾನ ತಂದು ಹೇಳಾಕತ್ತೀನಿ. ಹೊಸಾ ನಮೂನಿ ಕೊಡೂವಾಗ ಯಾವುದು ಕೊಯ್ಬೇಕು, ಯಾವುದು ಬಿಡ್ಬೇಕು ಅಂತ ನೀವೂ ತೋರಿಸಲಿಲ್ಲಲ್ರೀ. ಅದು ಯಾರ ತಪ್ಪು?"

ಅವನು ಮೀಸೆ ಎಳೆದುಕೊಂಡು ಆಚೀಚೆ ನೋಡಿದ. ಆಮೇಲೆ ಒಂದು ಸೀಲು ತೆಗೆದು ಎಲ್ಲಿ ಕತ್ತರಿಸಬೇಕು ಅಂತ ತೋರಿಸಿದ, ಹೊಸ ಚೀಲವನ್ನೂ ಕೊಟ್ಟ. ನಾನು ಅವ್ವನ ಸೆರಗು ಹಿಡಿದು ವಾಪಸ್ ನಡೆದೆ. ಇಂಥ ಬಾಯಿಗೆ ನಾಳೆ ಮೂರೇ ಮಾತು ಅಂತ ಕಟ್ಟುಪಾಡು ಹಾಕಿದವಳು ನಾನೇ ಅಂತ ಆಗಲೂ ನನಗೆ ಹೊಳೆಯಲಿಲ್ಲ.

ಬುಧವಾರ ಅವ್ವ ಹೂವಿನ ಸೀರೆ ಉಟ್ಟಳು. ಹಣೆಯಲ್ಲಿ ಕುಂಕುಮ ಮಾತ್ರ, ವಿಭೂತಿ ಇರಲಿಲ್ಲ. ಹೆಡ್‌ಮಿಸ್‌ ಆಫೀಸಿನ ಗೋಡೆ ಎಷ್ಟು ನುಣುಪಾಗಿತ್ತೆಂದರೆ ಒರಗಿದರೆ ಜಾರಬೇಕು. ಹೆಡ್‌ಮಿಸ್ ಕೂತಿದ್ದರು, ಪಕ್ಕದಲ್ಲಿ ಕ್ಲಾಸ್ ಮಿಸ್ ನಿಂತಿದ್ದರು. ಅವ್ವ ಕುರ್ಚಿಯ ತುದಿಯಲ್ಲಿ ಕೂತು ನಾನು ಕಲಿಸಿದ್ದನ್ನು ಹೇಳಿದಳು.

"ನಮಸ್ಕಾರ ಮೇಡಂ."

"ನೋಡಿಮ್ಮ, ಓದೋದ್ರಲ್ಲಿ ನಿಮ್ ಮಗಳು ಫಸ್ಟ್. ಇಲ್ಲ ಅನ್ನಲ್ಲ. ಆದ್ರೆ ಬಿಹೇವಿಯರ್ ರಫ್, ಲ್ಯಾಂಗ್ವೇಜ್ ರಫ್. ನಮ್ ಸ್ಕೂಲಿಗೆ ಒಂದು ಸ್ಟ್ಯಾಂಡರ್ಡ್ ಇದೆ."

"ಆಯ್ತು ಮೇಡಂ."

"ಆ ಹುಡುಗನಿಗೆ ಎಷ್ಟು ಪೆಟ್ಟಾಗಿದೆ ಗೊತ್ತಾ?"

"ಸಾರಿ ಮೇಡಂ."

ನನಗೆ ಒಳಗೊಳಗೇ ಸಮಾಧಾನ. ಅವ್ವ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದಳು, ಎಲ್ಲ ನಾನು ಎಣಿಸಿದ ಹಾಗೇ ನಡೆಯುತ್ತಿತ್ತು. ಹೆಡ್‌ಮಿಸ್ ದನಿ ಇನ್ನೂ ಇಳಿಸಿ ಕೇಳಿದರು:

"ಮನೇಲಿ ವಾತಾವರಣ ಹೇಗಿದೆ? ಯಜಮಾನ್ರು ಕುಡೀತಾರಾ? ಹೊಡೆದು ಬಡಿದು ಮಾಡ್ತಾರಾ?"

ಅವ್ವ ಒಂದು ಗಳಿಗೆ ನನ್ನ ಕಡೆ ನೋಡಿದಳು. ಅವಳ ಹತ್ತಿರ ಇದ್ದದ್ದು ಮೂರೇ ಮಾತು.

"ಆಯ್ತು ಮೇಡಂ."

ಕ್ಲಾಸ್ ಮಿಸ್‌ಗೆ ನಗು ತಡೆಯಲಿಲ್ಲ. ಹೆಡ್‌ಮಿಸ್ ನಗಲಿಲ್ಲ, ಪಾಪ ಅನ್ನುವ ಮುಖ ಮಾಡಿದರು. ಅದು ನಗುವಿಗಿಂತ ಕೆಟ್ಟದಾಗಿತ್ತು. ನನ್ನ ಅಪ್ಪ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಚಹಾ ಬಿಟ್ಟು ಬೇರೇನೂ ಕುಡಿಯದವನು, ಅವ್ವನ ಮೇಲೆ ಒಂದು ದಿನವೂ ಕೈ ಎತ್ತದವನು. ಹಿಂದಿನ ಸಂಜೆ ದಪ್ಪ ಮೀಸೆಯವನನ್ನು ಮೆತ್ತಗೆ ಮಾಡಿದ ನನ್ನ ಅವ್ವ ಇಲ್ಲಿ ಮೂಗಿಯ ಹಾಗೆ ಕೂತಿದ್ದಾಳೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ನನಗೆ ಕೊಟ್ಟ ಮಾತು ಮುರಿಯದೆ ತುಟಿ ಕಚ್ಚಿಕೊಂಡಿದ್ದಳು. ಹೆಡ್‌ಮಿಸ್ ಪತ್ರ ಮುಂದಕ್ಕೆ ಸರಿಸಿ ಪೆನ್ನು ಕೊಟ್ಟರು. ಅವ್ವ ಪೆನ್ನು ತೆಗೆದುಕೊಂಡಳು. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ ಹೇಳಲಾರೆ.

"ನಮ್ಮಪ್ಪ ಕುಡಿಯಂಗಿಲ್ರೀ," ಅಂದೆ. ಮನೆಯ ಮಾತಿನಲ್ಲೇ ಅಂದೆ, ಜೋರಾಗಿ. "ಅವ್ವಾ, ಸಹಿ ಮಾಡಬ್ಯಾಡ. ನೀ ಮಾತಾಡು."

"ನೋಡಿದ್ರಾ? ಇದನ್ನೇ ನಾನು ಹೇಳ್ತಿರೋದು," ಅಂದರು ಹೆಡ್‌ಮಿಸ್.

ಅವ್ವ ಪೆನ್ನು ಮೇಜಿನ ಮೇಲೆ ಇಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತಳು.

"ಏನ ಬರದಾರ ಇದರಾಗ? ಓದಿ ಹೇಳು."

ನಾನು ಇಂಗ್ಲಿಷ್ ಓದಿ ಒಂದೊಂದೇ ಸಾಲನ್ನು ನಮ್ಮ ಮಾತಿಗೆ ತಂದೆ. ನಮ್ಮ ಮಗಳ ನಡತೆ ರಫ್, ಅವಳ ಭಾಷೆ ರಫ್ ಅಂತ ಒಪ್ಪುತ್ತೇವೆ. ಮನೆಯ ವಾತಾವರಣವೇ ಅದಕ್ಕೆ ಕಾರಣ ಅಂತಲೂ ಒಪ್ಪುತ್ತೇವೆ. ಇನ್ನು ಮುಂದೆ ತಿದ್ದುತ್ತೇವೆ.

"ರಫ್ ಅಂದ್ರ ಇಲ್ಲಿ ಏನು? ನಿಮ್ಮಪ್ಪ ಹೇಳೂದೇನು?"

"ಅಲ್ಲವ್ವ. ದೊರಗು ಅಂತ. ಒರಟು ಮಂದಿ ಅಂತ."

ಅವ್ವ ಹೆಡ್‌ಮಿಸ್ ಕಡೆ ತಿರುಗಿದಳು.

"ಮೇಡಂ, ಆ ಹುಡುಗ ಏನಂದ ಅಂತ ಈ ಹಾಳಿಯಾಗ ಯಾಕ ಇಲ್ರೀ?"

ಅದನ್ನು ಶಾಲೆಯಲ್ಲಿ ಯಾರೂ ಕೇಳಿರಲೇ ಇಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಮನೆಯಲ್ಲಿ ನುಂಗಿಕೊಂಡದ್ದನ್ನು ಅಲ್ಲಿ ಉಗುಳಬೇಕಾಯಿತು. ನಮ್ಮವ್ವ ಹುಚ್ಚಿ, ಬೆಳಿಗ್ಗೆ ಎದ್ದು ಗೋಡೆಗೆ ಬಡ್ಕೊಳ್ತಾಳೆ ಅಂದ ಅಂತ ಹೇಳಿ ನಾನು ಅತ್ತೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ ಸಾವಕಾಶವಾಗಿ, ಒಂದೊಂದೇ ಮಾತು ಎಣಿಸಿ ಇಟ್ಟ ಹಾಗೆ ಹೇಳಿದಳು:

"ನಾ ರೊಟ್ಟಿ ಬಡೀತೀನ್ರೀ, ಗೋಡಿ ಅಲ್ಲ. ಇಕಿ ದಬ್ಬಿದ್ದು ತಪ್ಪು. ಆ ಹುಡುಗನ್ನ ಕರೀರಿ, ನನ್ನ ಮುಂದನ ತಪ್ಪಾತು ಅಂತಾಳ. ಆದ್ರ ತಾಯಿಗೆ ಹುಚ್ಚಿ ಅಂದ್ರ ಸುಮ್ನ ಕುಂದ್ರೂ ಮಗಳು ನನಗ ಬ್ಯಾಡ. ನಮ್ಮ ಮನಿ ನೀವು ನೋಡಿಲ್ಲ. ನಮ್ಮ ಯಜಮಾನ್ರನ್ನ ನೋಡಿಲ್ಲ. ನೋಡದನ ಬರದೀರಿ. ಇದಕ್ಕ ನಾ ಸಹಿ ಹಾಕಂಗಿಲ್ಲ."

"ಹಾಗಿದ್ರೆ ಟಿಸಿ ತಗೊಂಡ್ಹೋಗ್ಬೇಕಾಗುತ್ತೆ."

"ಕೊಡ್ರಿ. ಓದಿನಾಗ ಮೊದಲನೇ ನಂಬರ್ ಅಂತ ಅದರಾಗ ಬರೀರಿ. ಯಾಕ ಕಳಿಸಾಕತ್ತೀರಿ ಅಂತನೂ ಬರೀರಿ. ಅದಕ್ಕ ಬೇಕಾದ್ರ ಸಹಿ ಮಾಡ್ತೀನಿ."

ಅವ್ವನ ಕೈ ಮೇಜಿನ ಕೆಳಗೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಹೆಡ್‌ಮಿಸ್ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡಿದರು. ಚೇತನ್‌ನನ್ನು ಕರೆಸಿದರು. ಅವನು ಅವ್ವನನ್ನು ನೋಡಿದ ಕೂಡಲೇ ನೆಲ ನೋಡಿದ, ಕೇಳಿದ್ದಕ್ಕೆ ಹೂಂ ಅಂದ. ನಾನು ತಪ್ಪಾಯಿತು ಅಂದೆ. ಅವನೂ ಸಾರಿ ಆಂಟಿ ಅಂದ. ನಾಳೆ ಕ್ಲಾಸಿಗೆ ಕಳಿಸಿ ಅಂತ ಹೆಡ್‌ಮಿಸ್ ಕಿಟಕಿ ನೋಡುತ್ತಾ ಹೇಳಿದರು. ಪತ್ರ ವಾಪಸ್ ತೆಗೆದುಕೊಳ್ಳಲು ಅವರು ಕೈ ಚಾಚಿದಾಗ ಅವ್ವ ಅದನ್ನು ನಾಲ್ಕು ಮಡಿಕೆ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ನಮ್ಮ ಮ್ಯಾಲ ಬರದದ್ದು. ನಮ್ಮ ಹತ್ರನ ಇರ್ಲಿ ಬಿಡ್ರಿ."

ಲಾರಿಗಳು, ಗ್ರೈಂಡಿಂಗ್ ಸದ್ದು, ಸುಟ್ಟ ಎಣ್ಣೆಯ ವಾಸನೆ ದಾಟಿ ನಮ್ಮ ಓಣಿಯ ತಿರುವಿಗೆ ಬಂದೆವು, ನಾನು ದಿನಾ ವಿಭೂತಿ ಒರೆಸಿಕೊಳ್ಳುತ್ತಿದ್ದ ಜಾಗಕ್ಕೆ. ಅಲ್ಲಿ ಅವ್ವ ನಿಂತಳು. ಅವಳಿಗೆ ಅದು ಮೊದಲಿನಿಂದಲೂ ಗೊತ್ತಿತ್ತು ಅಂತ ನನಗೆ ಆಗ ತಿಳಿಯಿತು.

"ಸೀಲಿನ ತುಟಿ ಕೊಯ್ದಿ, ಹೋಗ್ಲಿ ಅಂದೆ. ಇನ್ನೊಮ್ಮೆ ನನ್ನ ತುಟಿ ಕೊಯ್ಯಾಕ ಬರಬ್ಯಾಡ."

"ಇಲ್ಲವ್ವ."

"ನಿಂದೂ ಕೊಯ್ಕೋಬ್ಯಾಡ."

ಮರುದಿನ ಬೆಳಿಗ್ಗೆ ಐದೂವರೆಗೆ ರೊಟ್ಟಿಯ ಸದ್ದಿಗೆ ಎಚ್ಚರವಾಯಿತು. ಓನರ್ ಆಂಟಿ ಆಮೇಲೆ ಒಂದು ತಿಂಗಳು ನಮ್ಮ ಜೊತೆ ಮಾತು ಬಿಟ್ಟರು. ಬಿಟ್ಟರೆ ಬಿಡಲಿ ಅಂದಳು ಅವ್ವ. ನಾನು ಹಣೆ ಒರೆಸಿಕೊಳ್ಳದೆ ಆ ತಿರುವು ದಾಟಿದೆ, ಇವತ್ತಿಗೂ ಕೆಲಸಕ್ಕೆ ಹೋಗುವಾಗ ಹಾಗೇ ದಾಟುತ್ತೇನೆ. ಈಗ ನಾನು ಇದೇ ಪೀಣ್ಯದಲ್ಲಿ ರಬ್ಬರ್ ಸೀಲುಗಳ ತಪಾಸಣೆ ಮಾಡುವವಳು. ತುಟಿ ಸರಿಯಿಲ್ಲದ ಮಾಲು ನನ್ನ ಮೇಜು ದಾಟುವುದಿಲ್ಲ. ಮೇಡಂ ತುಂಬಾ ರಫ್ ಗುರು ಅಂತ ಹುಡುಗರು ಹಿಂದಿನಿಂದ ಅನ್ನುವುದು ನನಗೆ ಕೇಳಿಸುತ್ತದೆ, ಅನ್ನಲಿ. ಅವ್ವ ಹೋಗಿ ಮೂರು ವರ್ಷವಾಯಿತು. ಅವಳ ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಆ ಪತ್ರ ಸಿಕ್ಕಿತು. ಹಾಳೆ ಹಳದಿಯಾಗಿದೆ, ಟೈಪು ಮಾಡಿದ ಅಕ್ಷರ ಮಸುಕಾಗಿದೆ. ತಂದೆ ಅಥವಾ ತಾಯಿಯ ಸಹಿ ಅನ್ನುವ ಕಡೆ ಒಂದು ಗೆರೆ ಇದೆ. ಅದರ ಮೇಲೆ ಏನೂ ಇಲ್ಲ.